ಮಾಬವ್ವ ಕಿತ್ತ ಲಾಳಗಳು

ಬಹಳ ಹಿಂದೆ, ಕಲ್ಲುಗುಡ್ಡದ ಬುಡದ ಒಂದು ಊರಿನಲ್ಲಿ ಮಾಬವ್ವ ಅನ್ನುವವಳಿದ್ದಳು. ಇಸವಿ ಕೇಳಬೇಡಿ. ನನಗೆ ಈ ಕತೆ ಹೇಳಿದ ನನ್ನಜ್ಜಿಗೂ ಅದು ಗೊತ್ತಿರಲಿಲ್ಲ. ಗುಡ್ಡದ ಏರಿನಲ್ಲಿ ಮಣ್ಣಿರಲಿಲ್ಲ, ಬರೀ ನುಣುಪು ಬಂಡೆ. ಲಾಳವಿಲ್ಲದ ಎತ್ತು ಅಲ್ಲಿ ಹತ್ತು ಹೆಜ್ಜೆ ಇಡಲಾರದು. ಆ ಲಾಳ ಬಡಿಯುವವಳು ಮಾಬವ್ವ.

ಗಂಡ ಸತ್ತ ಮೇಲೆ ಅವನ ಸುತ್ತಿಗೆಯನ್ನು ಮೈದುನರು ಕೇಳಿದರಂತೆ. ಅವಳು ಕೊಡಲಿಲ್ಲವಂತೆ. ಹೆಂಗಸು ಬಡಿದ ಲಾಳ ನಿಂತೀತೇ ಎಂದು ಊರು ನಕ್ಕಿತಂತೆ. ಆದರೆ ಅವಳು ಬಡಿದ ಲಾಳ ಸವೆದು ಹಾಳೆಯಂತಾದರೂ ಕಳಚುತ್ತಿರಲಿಲ್ಲ ಅನ್ನುತ್ತಾರೆ. ಕಾಲು ನೊಂದ ಎತ್ತುಗಳು ಹಗ್ಗ ಹರಿದುಕೊಂಡು ತಾವಾಗಿಯೇ ಬಂದು ಅವಳ ಬಾಗಿಲಲ್ಲಿ ಮಲಗುತ್ತಿದ್ದವು ಅಂತಲೂ ಅನ್ನುತ್ತಾರೆ.

ಅವಳದೊಂದು ಕಟ್ಟಳೆಯಿತ್ತು. ಲಾಳ ಬಡಿಯಲು ಎತ್ತನ್ನು ನೆಲಕ್ಕೆ ಕೆಡವುವ ಮೊದಲು ಅದರ ಕುತ್ತಿಗೆಯ ಮೇಲೆ, ನೊಗ ಕೂರುವ ಜಾಗದಲ್ಲಿ, ಅಂಗೈ ಇಟ್ಟು ನೋಡುತ್ತಿದ್ದಳು. ಹುಣ್ಣಿದ್ದರೆ ಲಾಳವಿಲ್ಲ. ಲಾಳವಿಲ್ಲದಿದ್ದರೆ ಗುಡ್ಡವಿಲ್ಲ. ಹೀಗಾಗಿ ಹುಣ್ಣು ಮಾಯುವ ತನಕ ಎತ್ತಿಗೆ ಬಿಡುವು. ಗಾಡಿಯವರು ಬೈದುಕೊಳ್ಳುತ್ತಿದ್ದರು. ಒಬ್ಬ ಕೇಳಿದನಂತೆ:

"ಏನ ಮಾಬವ್ವಾ, ಹೆಣ್ಣು ನೋಡಾಕ ಬಂದಂಗ ನೋಡ್ತೀಯಲ್ಲ?"

"ಹೆಣ್ಣು ನೋಡಾಕ ಬಂದೋರು ಕುತ್ತಿಗ್ಯಾಗಿನ ಸರ ನೋಡ್ತಾರೋ ಯಪ್ಪಾ. ನಾ ಕುತ್ತಿಗಿ ನೋಡ್ತೀನಿ."

ಆ ಕಾಲದಲ್ಲಿ ಊರಿನ ಇನಾಮದಾರ ಗುಡ್ಡದ ಮೇಲೆ ವಾಡೆ ಕಟ್ಟಿಸುತ್ತಿದ್ದ. ಮುಹೂರ್ತಕ್ಕೆ ಮೊದಲು ಕಲ್ಲಿನ ಕಂಬಗಳು ಮೇಲೆ ಸೇರಬೇಕು ಎಂದು ಗಾಡಿಗಳನ್ನು ಬಿಡುವಿಲ್ಲದೆ ಹೊಡೆಸಿದ. ಅವನ ಗಾಡಿಯಾಳು ದ್ಯಾಮಣ್ಣ. ದ್ಯಾಮಣ್ಣನ ಜೋಡಿಯಲ್ಲಿ ಕರಿಯ ಅನ್ನುವ ಎತ್ತಿನ ಕುತ್ತಿಗೆ ಹುಣ್ಣಾಗಿ ಕೀವು ಸೋರುತ್ತಿತ್ತು. ಮಾಬವ್ವ ಲಾಳ ಬಡಿಯಲಾರಳು, ಧಣಿ ಕೇಳಲಾರ. ದ್ಯಾಮಣ್ಣ ಹೆದರಿ ಒಂದು ಕೆಲಸ ಮಾಡಿದ. ಎತ್ತಿನ ಕುತ್ತಿಗೆಗೆ ಕೆಂಪು ಬಟ್ಟೆ ಸುತ್ತಿ, ಅರಿಶಿಣ ಕುಂಕುಮ ಹಚ್ಚಿ, ಇದು ದೇವಿಯ ಹರಕೆ ಬಟ್ಟೆ, ಗುಡ್ಡ ಹತ್ತುವ ತನಕ ಬಿಚ್ಚುವಂತಿಲ್ಲ ಎಂದು ಮಾಬವ್ವನಿಗೆ ಹೇಳಿದ.

ಮಾಬವ್ವನ ಕೈ ಬಟ್ಟೆಯ ತನಕ ಹೋಯಿತಂತೆ, ಅಲ್ಲೇ ನಿಂತಿತಂತೆ. ಪರರ ದೇವರ ಬಟ್ಟೆ, ಮುಸಲ್ಮಾನರವಳು ನಾನು ಬಿಚ್ಚಿದರೆ ಏನೆಂದುಕೊಂಡಾರು ಎಂದು ಸಂಕೋಚಪಟ್ಟಳಂತೆ. ಅದೊಂದು ಸಲ, ನೋಡದೆ ಬಡಿದಳು.

ಅರ್ಧ ಏರಿನಲ್ಲಿ ಕರಿಯ ಮಂಡಿಯೂರಿತು. ಹಿಂದಿನ ಗಾಡಿಗಳೆಲ್ಲ ನಿಂತವು. ಇನಾಮದಾರ ಕುದುರೆ ಇಳಿದು ಬಂದು, ಬಾಲ ತಿರುವಿ ಎಬ್ಬಿಸಿ ಎಂದ. ತಿರುವಿದರು. ಎತ್ತು ಏಳಲಿಲ್ಲ. ಸುದ್ದಿ ಕೇಳಿ ಮಾಬವ್ವ ಇಕ್ಕಳ ಹಿಡಿದು ಏರು ಹತ್ತಿ ಬಂದಳು. ಯಾರನ್ನೂ ಕೇಳದೆ ಬಟ್ಟೆ ಬಿಚ್ಚಿದಳು. ಬಟ್ಟೆಯ ಜೊತೆ ಚರ್ಮವೂ ಬಂತು.

ಮಾಬವ್ವ ಎತ್ತಿನ ಕಾಲ ಬಳಿ ಕೂತು ತಾನೇ ಬಡಿದ ಲಾಳಗಳನ್ನು ಒಂದೊಂದಾಗಿ ಕೀಳತೊಡಗಿದಳು. ಇನಾಮದಾರ ಗದರಿದ. ಎತ್ತು ಯಾರದು ಅಂತ ಗೊತ್ತೇನು ಎಂದ.

"ಎತ್ತು ನಿಮ್ಮದು ಧಣಿ. ಲಾಳ ನನ್ನವು."

ಹಿಂದಿನ ಗಾಡಿಯ ಎತ್ತನ್ನು ಇಲ್ಲಿಗೆ ಹೂಡಿ ಎಂದು ಅವನು ಕೂಗಿದ. ಮಾಬವ್ವ ಎದ್ದು ಇಕ್ಕಳ ಹಿಡಿದೇ ಹಿಂದಿನ ಗಾಡಿಯತ್ತ ನಡೆದಳು. ಆ ಲಾಳಗಳೂ ಅವಳವೇ. ತಡೆಯಲು ಯಾರ ಕೈಯೂ ಬರಲಿಲ್ಲವಂತೆ. ಆಗ ದ್ಯಾಮಣ್ಣ ಎಲ್ಲರೆದುರು ತನ್ನ ಸುಳ್ಳು ಒಪ್ಪಿಕೊಂಡು, ಕರಿಯನ ನೊಗದ ಹಗ್ಗ ತಾನೇ ಬಿಚ್ಚಿದ. ಅವನನ್ನು ನೋಡಿ ಉಳಿದವರೂ ತಮ್ಮ ತಮ್ಮ ಎತ್ತುಗಳನ್ನು ಬಿಚ್ಚಿದರು. ಇನಾಮದಾರ ಕೂಗಿ ಕೂಗಿ, ಕೊನೆಗೆ ಕುದುರೆ ಹತ್ತಿ ಹೋದ. ಅವನ ಮುಹೂರ್ತ ತಪ್ಪಿತು.

ಕರಿಯನ ಗಾಡಿಯಲ್ಲಿದ್ದ ಕಲ್ಲಿನ ಕಂಬವನ್ನು ಮಾಬವ್ವ ಒಬ್ಬಳೇ ಎತ್ತಿ ಎಸೆದಳು ಅನ್ನುವವರಿದ್ದಾರೆ. ನಾಲ್ಕು ಜನ ಸೇರಿ ಉರುಳಿಸಿದರು ಅನ್ನುತ್ತಿದ್ದಳು ನನ್ನಜ್ಜಿ. ಮೂರು ದಿನ ಎತ್ತು ಅಲ್ಲೇ ಬಿದ್ದಿತ್ತು. ಮೂರು ದಿನ ಮಾಬವ್ವ ಕೆಳಗಿನಿಂದ ನೀರು ಹೊತ್ತಳು. ಕೊಡದಿಂದ ಕುಡಿಯಲಾಗದೆ ಎತ್ತು ಒದ್ದಾಡುವುದನ್ನು ಕಂಡು, ಕಲ್ಲುಕುಟಿಗರು ಆ ಕಂಬದ ನಡುವೆಯೇ ಒಂದು ಬಾನಿ ಕಡಿದುಕೊಟ್ಟರು. ನಾಲ್ಕನೆಯ ದಿನ ಕರಿಯ ಎದ್ದಿತು. ಮತ್ತೆಂದೂ ಅದರ ಮೇಲೆ ಯಾರೂ ನೊಗ ಇಡಲಿಲ್ಲ.

ಜನ ಹೊಗಳಲು ಹೋದರೆ ಮಾಬವ್ವ ಸಿಟ್ಟಾಗುತ್ತಿದ್ದಳಂತೆ. ದ್ಯಾಮಣ್ಣ ಹೆದರಿ ಸುಳ್ಳು ಹೇಳಿದ, ನಾನು ಸಂಕೋಚಕ್ಕೆ ಕಣ್ಣು ಮುಚ್ಚಿದೆ, ನೋವು ತಿಂದದ್ದು ಮಾತ್ರ ಕರಿಯ ಎನ್ನುತ್ತಿದ್ದಳಂತೆ.

ಆ ಕಂಬ ಈಗಲೂ ಅರ್ಧ ಏರಿನಲ್ಲಿ ಅಡ್ಡ ಬಿದ್ದಿದೆ. ಅಲ್ಲಿ ಯಾರೂ ಕಾಯಿ ಒಡೆಯುವುದಿಲ್ಲ, ದೀಪ ಹಚ್ಚುವುದಿಲ್ಲ. ಬಟ್ಟೆ ಹೊದಿಸಲಂತೂ ಬಿಡುವುದಿಲ್ಲ. ಗುಡ್ಡ ಹತ್ತುವವರು, ಟೆಂಪೋದವರೂ ಕೂಡ, ಕೆಳಗಿನಿಂದ ಒಂದು ಕೊಡ ನೀರು ತಂದು ಬಾನಿಗೆ ಸುರಿದು ಮುಂದೆ ಹೋಗುತ್ತಾರೆ. ನಾಯಿ, ಮೇಕೆ, ಕಾಗೆ, ಯಾವುದು ಬಂದು ಕುಡಿಯುತ್ತದೋ ಅದಕ್ಕೆ.