ಬೆಳಗಿನ ಎರಡು ಗುಳಿಗೆ

ಮದ್ದು ಕೊಟ್ಟ ಮೇಲೆ ನೀಲಾಂಬಿಕೆ ರೋಗಿಯನ್ನು ತಕ್ಷಣ ಕಳಿಸುತ್ತಿರಲಿಲ್ಲ. ತಾನು ಹೇಳಿದ್ದನ್ನೆಲ್ಲ ಅವರ ಬಾಯಿಂದಲೇ ಮರಳಿ ಹೇಳಿಸುತ್ತಿದ್ದಳು. ಅವರು ಒಂದೊಂದು ಮಾತು ಹೇಳಿದಂತೆ ತನ್ನ ಬೆರಳಿನ ಒಂದೊಂದು ಗೆಣ್ಣನ್ನು ಹೆಬ್ಬೆರಳಿನಿಂದ ಮುಟ್ಟುತ್ತಿದ್ದಳು. ಒಂದು ಮಾತು ತಪ್ಪಿದರೂ ಮೊದಲಿನಿಂದ ಹೇಳಿಸುತ್ತಿದ್ದಳು.

ಮಠದ ಔಷಧಾಲಯಕ್ಕೆ ಬರುವವರು ಹೆಚ್ಚಾಗಿ ಬೇರೆ ಊರುಗಳಿಂದ ದುಡಿಯಲು ಬಂದ ಹರೆಯದವರು. ಎಲ್ಲರೂ ಚೆನ್ನಾಗಿ ಒಪ್ಪಿಸುತ್ತಿದ್ದರು. ತಿಂಗಳು ಕಳೆದರೆ ಅದೇ ಬೇನೆ ಹೊತ್ತು ಮತ್ತೆ ಬರುತ್ತಿದ್ದರು. ಒಂದು ಸಂಜೆ ಅವಳು ಗುರುಗಳ ಮುಂದೆ ಕುಳಿತಳು.

"ತಿಳಿಯದವರಿಗೆ ತಿಳಿಸಬಹುದು ಗುರುಗಳೇ. ತಿಳಿದೂ ಮಾಡದವರಿಗೆ ನಾನು ಏನು ಹೇಳಲಿ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಹುಡುಗಿ ದೂರದ ಹಳ್ಳಿಯಿಂದ ಹತ್ತಿ ಗಿರಣಿಗೆ ಕೆಲಸಕ್ಕೆ ಬಂದಿದ್ದಳು. ಅವಳಿಗೆ ಕೆಮ್ಮು ಹತ್ತಿತು. ಹತ್ತಿಯ ಧೂಳಿಗೆ ಹೀಗಾಗುತ್ತದೆ ಎಂದುಕೊಂಡಳು. ಕಫದಲ್ಲಿ ನೆತ್ತರು ಕಂಡ ಮೇಲೆ ಆ ಪೇಟೆಯ ವೈದ್ಯನ ಬಳಿ ಹೋದಳು. ವೈದ್ಯ ಒಳ್ಳೆಯವನು. ಇದು ಕ್ಷಯ, ವಾಸಿಯಾಗುವ ರೋಗವೇ, ಹೆದರಬೇಡ ಎಂದ. ದಿನಾ ಬೆಳಿಗ್ಗೆ ಎರಡು ಗುಳಿಗೆ, ಆರು ತಿಂಗಳು, ನಡುವೆ ಮೈ ಹಗುರವಾದರೂ ಬಿಡಬಾರದು ಎಂದು ಬಿಡಿಸಿ ಹೇಳಿದ. ಅವಳು ಒಂದಕ್ಷರ ತಪ್ಪದೆ ಒಪ್ಪಿಸಿದಳು. ತಿಂಗಳು ತಿಂಗಳು ತಪ್ಪದೆ ಬಂದು ಗುಳಿಗೆ ಒಯ್ದಳು. ಕೆಮ್ಮು ಮಾತ್ರ ಏರುತ್ತಲೇ ಹೋಯಿತು.

ನಾಲ್ಕನೆಯ ತಿಂಗಳು ಅವಳನ್ನು ಗಿರಣಿಯ ಗೆಳತಿಯೊಬ್ಬಳು ತೋಳು ಹಿಡಿದು ಕರೆತಂದಳು. ವೈದ್ಯನ ತಾಳ್ಮೆ ತಪ್ಪಿತು. ಗುಳಿಗೆ ನುಂಗುತ್ತೀಯೋ, ಗಿರಣಿಯ ಕೋಳಿಗಳಿಗೆ ಹಾಕುತ್ತೀಯೋ ಎಂದು ಚುಚ್ಚಿದ. ಒಂದನ್ನೂ ಚೆಲ್ಲಿಲ್ಲ ಎಂದು ಹುಡುಗಿ ತಲೆ ತಗ್ಗಿಸಿದಳು. ಗೆಳತಿಗೆ ತಡೆಯಲಾಗಲಿಲ್ಲ. ತಮ್ಮ ಕಡೆಯ ರೂಢಿಯನ್ನು ಹೇಳಿಬಿಟ್ಟಳು. ದುಡಿಯಲು ಊರು ಬಿಟ್ಟವರು ತಮಗೆ ಸಿಕ್ಕಿದ್ದನ್ನು ಒಬ್ಬರೇ ಇಟ್ಟುಕೊಳ್ಳುವುದಿಲ್ಲ. ಉಂಡೆ ಸಿಗಲಿ, ಸಾಬೂನು ಸಿಗಲಿ, ಅರ್ಧ ಮನೆಗೆ ಹೋಗಬೇಕು. ಇವಳು ವಾರವಾರವೂ ಹತ್ತಿ ಲಾರಿಯವನ ಕೈಯಲ್ಲಿ ಒಂದು ಸಣ್ಣ ಗಂಟು ಕಳಿಸುತ್ತಾಳೆ.

ವೈದ್ಯ ಹುಡುಗಿಯ ಕಡೆ ತಿರುಗಿದ.

"ಅವ್ವಗೂ ಇದೇ ಕೆಮ್ಮು ಐತ್ರಿ," ಎಂದಳು ಅವಳು. "ನೀವು ಮುಂಜಾನೆ ಎರಡು ಅಂದ್ರಿ. ನನಗೊಂದು, ಅವ್ವಗೊಂದು. ಎರಡೂ ನಾನೇ ನುಂಗಾಕ ಹೋದ್ರ ಗಂಟಲಾಗ ಇಳಿಯೂದಿಲ್ರಿ."

ಅರ್ಧ ಮದ್ದು ರೋಗವನ್ನು ಕೊಲ್ಲುವುದಿಲ್ಲ, ಬಲಿಸುತ್ತದೆ. ವೈದ್ಯನಿಗೆ ಅದು ಗೊತ್ತು. ಹುಡುಗಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಅದೇ ಲಾರಿ ಹತ್ತಿ ಅವಳ ಊರಿಗೆ ಹೋದ. ಅವ್ವ ಹಾಸಿಗೆ ಹಿಡಿದಿದ್ದಳು. ಮಗಳು ಕಳಿಸಿದ ಒಂದು ಗುಳಿಗೆಯನ್ನು ಅವಳು ಮುರಿದು, ಅರ್ಧ ತಾನು ನುಂಗಿ, ಅರ್ಧವನ್ನು ಪಕ್ಕದ ಮನೆಯ ಬಾಣಂತಿಗೆ ಕೊಡುತ್ತಿದ್ದಳು. ಆ ಬಾಣಂತಿಯೂ ಕೆಮ್ಮುತ್ತಿದ್ದಳು. ವೈದ್ಯ ಒಬ್ಬಳಿಗೆಂದು ಕೊಟ್ಟ ಮದ್ದು ಮೂವರ ಹೊಟ್ಟೆ ಸೇರಿ, ಒಬ್ಬರಿಗೂ ಸಾಲದೆ ಹೋಗಿತ್ತು.

ಬಂದವನು ಮಗಳ ವೈದ್ಯ ಎಂದು ತಿಳಿದ ಕೂಡಲೇ ಅವ್ವ ಎದ್ದು ಕೂರಲು ನೋಡಿದಳು. ತನ್ನ ಬೇನೆಯ ಸುದ್ದಿ ಎತ್ತಲಿಲ್ಲ.

"ನಮ್ಮ ಹುಡುಗಿ ತನಗಂತ ಒಂದಿಷ್ಟು ಇಟ್ಕೊಂತಾಳೇನ್ರಿ? ಇಲ್ಲಾ, ಎಲ್ಲಾ ಇಲ್ಲಿಗೇ ಕಳಿಸಿಬಿಡ್ತಾಳೋ?"

ಅಂದಿನಿಂದ ಮೂವರಿಗೂ ಬೇರೆ ಬೇರೆಯಾಗಿ ಪೂರ್ತಿ ಮದ್ದು ಸಿಕ್ಕಿತು. ಬಾಣಂತಿ ಚೇತರಿಸಿಕೊಂಡಳು. ಹುಡುಗಿ ಎರಡು ವರ್ಷ ಮದ್ದು ತಿಂದು ಎದ್ದಳು. ಅವ್ವ ಏಳಲಿಲ್ಲ. ಹುಡುಗಿ ಗಿರಣಿಗೆ ಮರಳಿದಳು. ಏನಾದರೂ ರುಚಿಯಾದದ್ದು ಕೈಗೆ ಬಂದರೆ ಈಗಲೂ ಅರ್ಧ ತೆಗೆದಿಡುತ್ತಾಳೆ, ಲಾರಿ ಹೊರಡುವ ಸದ್ದಾದ ಮೇಲೆ ಅದನ್ನೂ ತಾನೇ ತಿನ್ನುತ್ತಾಳೆ.

ಕತೆ ಅಲ್ಲಿಗೆ ನಿಂತಿತು. ನೀಲಾಂಬಿಕೆಗೆ ಆ ವೈದ್ಯನ ಮೇಲೆ ಸಿಟ್ಟು ಬಂದಿತ್ತು. ಗುಳಿಗೆಯನ್ನು ಹಂಚಿಕೊಳ್ಳಬಾರದು ಎಂಬ ಒಂದು ಮಾತನ್ನು ಅವನು ಮೊದಲೇ ಹೇಳಬೇಕಿತ್ತು, ಅದನ್ನೂ ಆ ಹುಡುಗಿಯಿಂದ ಒಪ್ಪಿಸಿಕೊಳ್ಳಬೇಕಿತ್ತು ಎಂದಳು. ನಾಳೆಯಿಂದ ತಾನು ಹಾಗೆಯೇ ಮಾಡುವುದಾಗಿ ಹೇಳಿ ಏಳಲು ಹೊರಟಳು.

ಗುರುಗಳು ಅವಳನ್ನು ಕೈಸನ್ನೆಯಿಂದ ಕೂರಿಸಿದರು.

"ನಿನ್ನ ಬಳಿ ಬರುವವರಲ್ಲಿ ಯಾರಾದರೂ ಒಬ್ಬರ ತಾಯಿಯ ಹೆಸರು ಹೇಳಮ್ಮ."