ಎತ್ತು ತಿಂದ ನವಣೆ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ರುಯಿಲಾನ್ ಹಾಕುವ ಮೂರು ಒಗಟು ಬಿಡಿಸಿದವನಿಗೆ ಆಕೆಯನ್ನು ಧಾರೆಯೆರೆದು, ದಂಡು ನಡೆಸುವ ಹುಲಿಮುದ್ರೆಯನ್ನೂ ಕೊಡಲಾಗುವುದು. ತಪ್ಪು ಹೇಳಿದವನ ತಲೆ ಹೋಗುವುದು. ಮಹಾರಾಜರ ಮಾತು, ಹಿಂದೆ ತೆಗೆಯುವಂಥದ್ದಲ್ಲ!"

ಬಹಳ ಹಿಂದೆ, ಚೀನಾ ದೇಶದ ಯೂನ್‌ಲಿಂಗ್ ಎಂಬ ರಾಜ್ಯದಲ್ಲಿ ಹೀಗೆ ಡಂಗುರ ಹೊಡೆದರು. ಅಲ್ಲಿನ ರಾಜನಿಗೆ ಪಡುವಣದವರ ಮೇಲೆ ಯುದ್ಧದ ಹುಚ್ಚು. ವರ್ಷಗಟ್ಟಲೆ ಕಾದಾಡಿದರೂ ಒಂದು ಕೋಟೆಯೂ ಬೀಳಲಿಲ್ಲ, ಸೇನಾಪತಿ ಮಾತ್ರ ಸತ್ತ. ಬುದ್ಧಿವಂತ ಅಳಿಯ ಸಿಕ್ಕರೆ ಸೇನಾಪತಿಯೂ ಸಿಕ್ಕಂತೆ ಎಂದು ರಾಜ ಲೆಕ್ಕ ಹಾಕಿದ. ಉಗ್ರಾಣ ನೋಡಿಕೊಳ್ಳುತ್ತಿದ್ದ ಮಗಳ ಯೋಚನೆಯೇ ಬೇರೆ ಇತ್ತು.

ಡಂಗುರ ಕೇಳಿದಾಗ ಲೋಶಾನ್ ಸೆರೆಮನೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಅವನ ಅಣ್ಣ ಜೂಹಾನ್. ದಂಡಿಗೆ ನವಣೆ ತುಂಬಿದ ಗಾಡಿ ಹೊಡೆದುಕೊಂಡು ಹೋದವನು. ತಲುಪಿದಾಗ ಗಾಡಿ ಹೆಚ್ಚುಕಡಿಮೆ ಖಾಲಿ. ನೀನೇ ಕದ್ದೆ ಎಂದರು. ಸಂಜೆಗೆ ತಲೆ ಕಡಿಯುತ್ತಾರಂತೆ. ದಾರಿಯುದ್ದಕ್ಕೂ ಜೊತೆಗೇ ನಡೆದಿದ್ದ ಲೋಶಾನನ ಮೈಯೆಲ್ಲ ಉರಿಯಿತು. ಕಳ್ಳನಂತೆ, ಕಳ್ಳ! ಹುಲಿಮುದ್ರೆ ಕೈಗೆ ಬಂದರೆ ಸೆರೆಮನೆಯ ಬೀಗವೂ ತೆರೆದೀತು ಎಂದುಕೊಂಡು ಕೆಸರುಗಾಲಲ್ಲೇ ಆಸ್ಥಾನಕ್ಕೆ ನುಗ್ಗಿದ.

ಆಗಲೇ ಒಬ್ಬ ಸಾಮಂತನ ಮಗ ಅಲ್ಲಿ ಬಂದು ನಿಂತಿದ್ದ. ರಾಜಕುಮಾರಿ ಕೇಳಿದಳು: "ಮನೆ ಬಿಡುವಾಗ ಹೊಟ್ಟೆ ತುಂಬಿರುತ್ತದೆ. ದಾರಿಯಲ್ಲಿ ಯಾರೂ ಕದಿಯುವುದಿಲ್ಲ, ಎಲ್ಲೂ ಸೋರುವುದಿಲ್ಲ. ಸೇರಬೇಕಾದ ಕಡೆ ಸೇರುವಾಗ ಖಾಲಿ. ಅದೇನು?"

"ಹುಣ್ಣಿಮೆ ಚಂದ್ರ!" ಎಂದು ಅವನು ಮೀಸೆ ತಿರುವಿದ. ತಪ್ಪು. ಅವನ ಹಿಂದೆ ಬಂದ ದಳಪತಿ "ಮುದುಕನ ಆಯುಸ್ಸು" ಎಂದ. ಅದೂ ತಪ್ಪು.

"ಇಬ್ಬರನ್ನೂ ಸಂಜೆಯ ಸಾಲಿಗೆ ಸೇರಿಸಿ" ಎಂದ ರಾಜ, ಹಣ್ಣು ತಿನ್ನುತ್ತಲೇ. ಥೂ, ಅವನ ಹಸಿವಿಗಿಷ್ಟು!

"ನವಣೆ ಗಾಡಿ!" ಲೋಶಾನ್ ಕೂಗಿಯೇಬಿಟ್ಟ. "ಎಳೆಯೋ ಎತ್ತು ಏನು ತಿನ್ನಬೇಕು? ದಾರಿಯ ಹುಲ್ಲನ್ನೆಲ್ಲ ದಂಡಿನ ಕುದುರೆಗಳು ಮೇಯ್ದಾಗಿದೆ. ಹೊಡೆಯೋನು ಏನು ತಿನ್ನಬೇಕು, ಮಣ್ಣಾ? ತಿಂಗಳುಗಟ್ಟಲೆಯ ದಾರಿ. ಹೊತ್ತದ್ದನ್ನೇ ತಿಂದು ಹೊರಬೇಕು. ಅದಕ್ಕೆ ಕಳ್ಳತನ ಅಂತ ಹೆಸರಿಟ್ಟಿದ್ದೀರಿ!"

"ಸರಿ" ಎಂದಳು ರಾಜಕುಮಾರಿ. ರಾಜ ಹಣ್ಣು ಕೆಳಗಿಟ್ಟ.

"ಎರಡನೆಯದು. ಬಂದು ಇಳಿದ ಕಡೆ ಬೊಗಸೆ ನವಣೆಗೆ ಬೊಗಸೆ ಕಾಸು ಕೇಳುತ್ತಾರೆ. ಹೊರಟುಬಂದ ಕಡೆ ನವಣೆಯೂ ಇಲ್ಲ, ಕಾಸೂ ಇಲ್ಲ. ಯಾರ ಕಾಲ್ಗುಣ ಇದು?"

"ದಂಡಿನದು. ಅದು ಬೀಡುಬಿಟ್ಟ ಕೂಡಲೇ ವರ್ತಕರು ಬೆಲೆ ಏರಿಸುತ್ತಾರೆ. ಆ ಬೆಲೆಗೆ ಕಾಸು ಎಲ್ಲಿಂದ ಬರಬೇಕು? ದಂಡು ಹೊರಟ ನಮ್ಮೂರುಗಳಿಂದಲೇ. ಕಂದಾಯದವರು ನಮ್ಮವ್ವನ ತಾಮ್ರದ ಹಂಡೆ ಹೊತ್ತುಕೊಂಡು ಹೋದರು. ಬಿತ್ತನೆ ಕಾಳನ್ನೂ ಬಿಡಲಿಲ್ಲ."

"ಸರಿ." ಅವಳು ಮೂರನೆಯದನ್ನು ಕೇಳಿದಳು. "ಕತ್ತಿ ಹಿರಿಯದೆ ಮನೆಮನೆ ದೋಚುತ್ತಾನೆ. ದೋಚಿಸಿಕೊಂಡವರೇ ಎದ್ದು ನಿಂತು ಕೈಮುಗಿಯುತ್ತಾರೆ. ಈ ನಾಡಿಗೆ ಮುತ್ತಿಗೆ ಹಾಕಿರುವ ಆ ಶತ್ರು ಯಾರು?"

ಲೋಶಾನನಿಗೆ ಉತ್ತರ ಗೊತ್ತಿತ್ತು. ತಪ್ಪು ಹೇಳಿದರೂ ತಲೆ ಹೋಗುತ್ತದೆ, ಸರಿ ಹೇಳಿದರೂ ಹೋದೀತು. ಹೊತ್ತು ಇಳಿಯುತ್ತಿತ್ತು, ಅಣ್ಣ ಒಳಗಿದ್ದ. ಅವನು ಸಿಂಹಾಸನದ ಕಡೆ ಕೈ ತೋರಿಸಿದ. "ಇವರೇ."

"ಕಡೀರೋ ಅವನನ್ನ!" ರಾಜ ಅಬ್ಬರಿಸಿದ.

ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮನೆಗಳಿಂದಲೂ ಹಂಡೆಗಳು ಹೋಗಿದ್ದವು. ಯಾರೂ ಕತ್ತಿ ಮುಟ್ಟಲಿಲ್ಲ.

"ಉತ್ತರ ಸರಿ, ಅಪ್ಪಾ" ಎಂದಳು ರಾಜಕುಮಾರಿ. "ಡಂಗುರ ಹೊಡೆಸಿದವರು ನೀವೇ." ಕಂಚಿನ ಹುಲಿಮುದ್ರೆಯನ್ನು ತಾನೇ ತಂದು ಲೋಶಾನನ ಕೈಗಿಟ್ಟಳು.

"ಸಂಜೆಯ ಸಾಲಿನವರನ್ನೆಲ್ಲ ಬಿಡಿ" ಎಂದ ಹೊಸ ಸೇನಾಪತಿ. "ದಾರಿಯಲ್ಲಿರೋ ಗಾಡಿಗಳು ಇದ್ದಲ್ಲೇ ನಿಲ್ಲಲಿ. ಅನ್ನ ದಂಡಿನ ಹಿಂದೆ ಓಡಿದ್ದು ಸಾಕು, ದಂಡೇ ಅನ್ನದ ಹತ್ತಿರ ನಡೆದು ಬರಲಿ. ಯುದ್ಧ ಮುಗೀತು." ಆಮೇಲೆ ರಾಜಕುಮಾರಿಯ ಕಡೆ ತಿರುಗಿ, "ಮದುವೆ ನಿಮ್ಮ ಇಷ್ಟ" ಎಂದ.

"ಮೊದಲು ಅಣ್ಣನನ್ನು ಕರೆದುಕೊಂಡು ಬಾ. ಮದುವೆ ಮಾತಾಡೋಕೆ ಹಿರಿಯರು ಬೇಡವೇ?" ಎಂದು ಅವಳು ನಕ್ಕಳು.

ಸೆರೆಮನೆಯಿಂದ ಹೊರಬಂದ ಜೂಹಾನ್ ತಮ್ಮನ ಕೈಯಲ್ಲಿದ್ದ ಹುಲಿಮುದ್ರೆಯನ್ನು ನೋಡಲೇ ಇಲ್ಲ. "ಎತ್ತಿಗೆ ಏನಾದರೂ ಹಾಕಿದೆಯೇನೋ?" ಎಂದು ಕೇಳಿದ.

ಅಷ್ಟು ಹೊತ್ತೂ ಬಾರದ ಅಳು ಲೋಶಾನನಿಗೆ ಈಗ ಬಂತು. "ನವಣೆನೇ ಹಾಕೋಣ ಬಾ ಅಣ್ಣ" ಎಂದ. "ಇನ್ನು ಯಾರೂ ಕಳ್ಳ ಅನ್ನಲ್ಲ."