ಕಾಜಾಣದ ಬಾಲ ಸೀಳಿದ್ದು

ನದಿಗೂ ಬೆಟ್ಟಕ್ಕೂ ಲೋಕ ಎಂದೋ ಹಳೆಯದಾಗಿತ್ತು. ನಮ್ಮ ಬಯಲಿಗೆ ಮಾತ್ರ ಅದಿನ್ನೂ ಹೊಸದು. ಇಲ್ಲಿ ಊರಿರಲಿಲ್ಲ, ಬಾವಿಯಿರಲಿಲ್ಲ, ನಿನ್ನಂಥ ತುಂಟರೂ ಇರಲಿಲ್ಲ. ಒಂದು ಹಳ್ಳ, ಒಂದು ಗಾಳಿ, ಒಂದು ಕಾಜಾಣ ಹಕ್ಕಿ, ಅಷ್ಟೇ. ಆ ಕಾಜಾಣ ಆಗ ಮಣ್ಣಿನ ಬಣ್ಣದ್ದು. ಬಾಲ ಬೀಸಣಿಗೆಯ ಹಾಗೆ ದುಂಡಗಿತ್ತು.

ಆಮೇಲೆ ರೈಲು ಬಂತು. ಹೋಗುವುದಕ್ಕೂ ಬರುವುದಕ್ಕೂ ಇದ್ದದ್ದು ಒಂದೇ ದಾರಿ. ಇಂಜಿನ್ನುಗಳಿಗೋ ಮೂಗಿನ ತುದಿಯಲ್ಲೇ ಕೋಪ, ಯಾವುದೂ ಹಿಂದೆ ಸರಿಯದು. ಅದಕ್ಕೇ ಬಯಲಿನ ನಡುವೆ ಪಕ್ಕಕ್ಕೆ ಇನ್ನೊಂದು ಹಳಿ ಹಾಕಿದರು. ಒಂದು ರೈಲು ಅಲ್ಲಿ ಸರಿದು ನಿಂತರೆ ಇನ್ನೊಂದು ನೇರ ಹೋಗಬಹುದು. ಹಳಿ ಕವಲೊಡೆಯುವ ಕಡೆ ಅತ್ತಿತ್ತ ಸರಿಯುವ ಕಬ್ಬಿಣದ ಪಟ್ಟಿ, ಅದನ್ನು ಸರಿಸಲು ಒಂದು ಸನ್ನೆಕೋಲು. ಅದನ್ನು ಎಳೆಯುವ ಕೆಲಸ ಗ್ಯಾನಪ್ಪನದು. ಅವನು, ಹೆಂಡತಿ ಹುಲಿಗೆಮ್ಮ, ತೊಟ್ಟಿಲ ಕೂಸು, ಒಂದು ಗುಡಿಸಲು. ಊರು ಎಂದರೆ ಅಷ್ಟೇ.

ಗಾಳಿ ಬೀಸಿದಾಗಲೆಲ್ಲ ಆ ಪಟ್ಟಿ ಟಣ ಟಣ ಎನ್ನುತ್ತಿತ್ತು. ಕೂಸು ಬೆಚ್ಚಿ ಅಳುತ್ತಿತ್ತು.

"ಗಾಳಿಯಪ್ಪಾ, ಒಂದು ಗಳಿಗಿ ಸುಮ್ನಿರು," ಎಂದಳು ಹುಲಿಗೆಮ್ಮ.

"ನಿಂತರೆ ನಾನು ಗಾಳಿ ಹೇಗಾದೇನು?" ಎಂದಿತು ಗಾಳಿ.

ಹೆತ್ತ ಕರುಳು, ಏನು ಮಾಡೀತು? ಒಂದು ಮಧ್ಯಾಹ್ನ ಆಕೆ ಪಟ್ಟಿಯ ಸಂದಿಗೆ ಬೆಣಚುಕಲ್ಲೊಂದನ್ನು ಸಿಕ್ಕಿಸಿದಳು. ಸದ್ದು ನಿಂತಿತು. ಕೂಸು ಮಲಗಿತು. ಆಕೆಗೂ ಜೊಂಪು ಹತ್ತಿತು.

ಅಷ್ಟರಲ್ಲಿ ಗಾಳಿ ಓಡಿ ಬಂತು. "ಮೂಡಣದಿಂದ ಒಂದು ಹೊಗೆ ಬರುತ್ತಿದೆ."

ಹಳ್ಳ ಕೂಗಿತು. "ಪಡುವಣದಿಂದ ಇನ್ನೊಂದು. ನನ್ನ ಸೇತುವೆ ನಡುಗುತ್ತಿದೆ."

ಗ್ಯಾನಪ್ಪ ಸನ್ನೆಕೋಲು ಎಳೆದ. ಅದು ಅಲುಗಲಿಲ್ಲ. ಜೋತುಬಿದ್ದು ಎಳೆದ. ಆಗಲೂ ಅಲುಗಲಿಲ್ಲ. ಕೆಂಪು ಬಟ್ಟೆ ಬೀಸಿದ.

"ಇದು ಇಳಿಜಾರು, ನನ್ನ ಕಾಲು ನಿಲ್ಲುತ್ತಿಲ್ಲ," ಎಂದು ಮೂಡಣದ ಇಂಜಿನ್ನು ಅರಚಿತು.

ಹುಲಿಗೆಮ್ಮ ಎದ್ದು ಬಂದಳು. "ಸಂದಿನ್ಯಾಗ ಕಲ್ಲೈತಿ. ನಾನ ಇಟ್ಟೀನಿ."

ಓಡಿಹೋಗಿ ಸಂದಿಗೆ ಬೆರಳು ತೂರಿಸಿ, ಬಿಗಿದು ಕೂತ ಕಲ್ಲನ್ನು ಹಿಡಿದಳು.

"ಕೈ ತಗಿ. ಕಲ್ಲು ಜಾರಿದ್ರ ಬೆರಳು ತುಂಡಾದಾವು," ಎಂದ ಗ್ಯಾನಪ್ಪ.

"ಎರಡು ಗಾಡಿ ಮಂದಿ ಅದಾರ. ಬೆರಳಿಂದೇನು, ಜಗ್ಗು."

ಅವನಿಗೆ ಜಗ್ಗಲು ಕೈ ಬರಲಿಲ್ಲ. ಹೊಗೆಗಳು ಹತ್ತಿರವಾದವು.

ಗುಡಿಸಲ ಮೇಲೆ ಕೂತ ಕಾಜಾಣ ಎಲ್ಲ ನೋಡುತ್ತಿತ್ತು. ಅದಕ್ಕೂ ಹೆದರಿಕೆಯೇ. ಆದರೂ ಹಾರಿತು. ಮೊದಲು ಹುಲಿಗೆಮ್ಮನ ಕೈಗೆ ಜೋರಾಗಿ ಕುಕ್ಕಿತು, ಆಕೆ ಕೈ ಎಳೆದುಕೊಂಡಳು. ಆಮೇಲೆ ಸಂದಿಗೆ ನುಗ್ಗಿ ಕಲ್ಲನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿಯಿತು.

"ಈಗ ಎಳೆ ಗ್ಯಾನಪ್ಪಾ," ಎಂದಿತು ಗಾಳಿ.

ಅವನು ಕಣ್ಣು ಮುಚ್ಚಿ ಎಳೆದ. ಕಲ್ಲು ಚಿಮ್ಮಿತು, ಹಕ್ಕಿಯೂ ಚಿಮ್ಮಿತು, ಪಟ್ಟಿ ಧಣ್ಣೆಂದು ಕೂಡಿಕೊಂಡಿತು. ಬಾಲದ ನಡುವಿನ ಗರಿಗಳು ಕಬ್ಬಿಣದ ಸಂದಿಯಲ್ಲೇ ಉಳಿದವು. ಮೂಡಣದ ಇಂಜಿನ್ನು ಪಕ್ಕದ ಹಳಿಗೆ ತಿರುಗುತ್ತ ತನ್ನ ಕರಿಹೊಗೆಯನ್ನೆಲ್ಲ ಹಕ್ಕಿಯ ಮೇಲೆ ಸುರಿಯಿತು. ಪಡುವಣದ್ದು ಪಕ್ಕದಲ್ಲೇ ಗುಡುಗುತ್ತ ದಾಟಿತು.

ಪಕ್ಕದ ಹಳಿಯ ಸಮನೆಲದಲ್ಲಿ ಕೊನೆಗೂ ನಿಂತ ರೈಲಿನಿಂದ ಜನ ಇಳಿದರು. ಕೆಲವರು ನೆಲದಲ್ಲೇ ಕೂತರು. ಹುಲಿಗೆಮ್ಮ ಅಳುತ್ತಲೇ ಎಲ್ಲರಿಗೂ ನೀರು ಕೊಟ್ಟಳು. ಅವರಲ್ಲಿ ಫಕೀರವ್ವ ಎಂಬ ಮುದುಕಿ ಮತ್ತೆ ರೈಲು ಹತ್ತಲಿಲ್ಲ.

"ನಾಳೆ ನಿಂದ್ರೋ ಮಂದಿಗೂ ನೀರಡಿಕಿ ಆಕ್ಕೈತಲ್ಲವ್ವಾ. ನಾ ಇಲ್ಲೇ ಚಾ ಕಾಸ್ತೀನಿ," ಎಂದಳು.

ಚಹಾ ಅಂಗಡಿಗೆ ಬಾವಿ ಬೇಕಾಯಿತು, ಬಾವಿ ತೋಡಿದವರಿಗೆ ಮನೆ ಬೇಕಾಯಿತು, ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಶಾಲೆ ಬೇಕಾಯಿತು. ನಮ್ಮ ಜೋಡಿಹಳಿ ಊರು ಬೆಳೆದದ್ದು ಹೀಗೆ.

ಕಾಜಾಣ ಹಳ್ಳದಲ್ಲಿ ಎಷ್ಟು ಮಿಂದರೂ ಆ ಮಸಿ ಹೋಗಲಿಲ್ಲ, ಗರಿಯೂ ಮತ್ತೆ ಬರಲಿಲ್ಲ. ಇವತ್ತಿಗೂ ರೈಲು ಪಕ್ಕದ ಹಳಿಯಲ್ಲಿ ಕಾದು ನಿಂತಾಗ ತಂತಿಯ ಮೇಲೆ ನೋಡು ಮರಿ, ಸೀಳುಬಾಲದ ಕರಿಹಕ್ಕಿಯೊಂದು ಒಮ್ಮೆ ಮೂಡಣಕ್ಕೆ, ಒಮ್ಮೆ ಪಡುವಣಕ್ಕೆ ಕತ್ತು ಹೊರಳಿಸುತ್ತ ಕಾವಲು ಕೂತಿರುತ್ತದೆ.